ಎಷ್ಟು ಮರಿ ಬಿಟ್ಟಿರಿ ಅಂತ ಕೇಳಬೇಡಿ

ಅಕ್ಟೋಬರ್ ಬಂತೆಂದರೆ ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರ ಫೇಸ್‌ಬುಕ್ ತುಂಬಾ ಒಂದೇ ಫೋಟೊ. ಅಲ್ಲಿನ ಇಸಾಕ್ವಾ ಊರಿನ ಹ್ಯಾಚರಿ, ಅಂದರೆ ಮೀನಿನ ಮರಿ ಮಾಡಿಸಿ ಹೊಳೆಗೆ ಬಿಡುವ ಕೇಂದ್ರ. ಅದರ ಗಾಜಿನಾಚೆ ಸಾಲ್ಮನ್ ಮೀನು, ಈಚೆ ಬಾಯಿ ಬಿಟ್ಟು ನಿಂತ ಮಕ್ಕಳು. ಕೆಳಗಿನ ಕಾಮೆಂಟೂ ಹೆಚ್ಚುಕಡಿಮೆ ಒಂದೇ: "ನಮ್ಮಲ್ಲೂ ಹೀಗೆ ಮರಿ ಮಾಡಿ ಬಿಟ್ಟಿದ್ದರೆ ಕಾವೇರಿ ತುಂಬಾ ಮೀನಿರುತ್ತಿತ್ತು." ಬಿಟ್ಟಿದ್ದೇವೆ ಸ್ವಾಮಿ. ಕಾವೇರಿಯ ಮೀನು ಕೆಟ್ಟದ್ದರಲ್ಲಿ ಹಾಗೆ ಬಿಟ್ಟದ್ದರ ಪಾಲೂ ಇದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಹ್ಯಾಚರಿ ಏನು ಮಾಡುತ್ತದೆ ನೋಡಿ. ಇಸಾಕ್ವಾದ್ದು 1936ರಲ್ಲಿ ಕಟ್ಟಿದ್ದು, ಚಿನೂಕ್ ಮತ್ತು ಕೋಹೊ ಎಂಬ ಎರಡು ಜಾತಿಯ ಸಾಲ್ಮನ್ ಬೆಳೆಸುತ್ತಾರೆ. ಒಂದು ಹೆಣ್ಣು ಚಿನೂಕ್ ಹೊಟ್ಟೆಯಲ್ಲಿ ನಾಲ್ಕೈದು ಸಾವಿರ ಮೊಟ್ಟೆ. ಮೀನನ್ನು ಕೊಂದು, ಮೊದಲು ರಕ್ತ ಬಸಿಯುತ್ತಾರೆ. ಮೊಟ್ಟೆಯ ಮೇಲೆ ವೀರ್ಯ ಒಳಹೋಗಲು ಇರುವುದು ಒಂದೇ ಒಂದು ಸಣ್ಣ ರಂಧ್ರ. ರಕ್ತವೋ ಒಡೆದ ಮೊಟ್ಟೆಯ ಲೋಳೆಯೋ ಸೇರಿದರೆ ಅದು ಕಟ್ಟಿಕೊಳ್ಳುತ್ತದೆ. ಬಕೆಟ್ಟೂ ಒಣಗಿರಬೇಕು, ಕೈಯೂ ಒಣಗಿರಬೇಕು. ನೀರು ತಾಗಿದ ಮೇಲೆ ಸಾಲ್ಮನ್ ವೀರ್ಯ ಚುರುಕಾಗಿರುವುದು ಒಂದು ನಿಮಿಷವೂ ಇಲ್ಲ, ಹಾಗಾಗಿ ಮೊಟ್ಟೆ, ವೀರ್ಯ ಎರಡೂ ಬಿದ್ದ ಮೇಲೆಯೇ ನೀರು. ಹಲವು ಗಂಡುಗಳ ವೀರ್ಯವನ್ನು ಒಂದೇ ಪಾತ್ರೆಯಲ್ಲಿ ಕಲಸುವುದು ಹಳೆಯ ರೂಢಿ. ಬೇಗ ಮುಗಿಯುತ್ತದೆ ನಿಜ, ಆದರೆ ಒಂದೆರಡು ಗಂಡುಗಳೇ ಎಲ್ಲಕ್ಕೂ ತಂದೆಯಾಗಿ ಕುಳಿತಿರುತ್ತವೆ. ಒಂದು ಹೆಣ್ಣಿಗೆ ಒಂದು ಗಂಡು ಅಂತ ಜೋಡಿಸುವುದೇ ಸರಿ.

ಆಮೇಲೆ ರೋಗಾಣು ಸಾಯಲೆಂದು ಮೊಟ್ಟೆಗಳು 100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು ಪಾಲು) ಅಯೋಡಿನ್ ದ್ರಾವಣದಲ್ಲಿ ಹತ್ತು ನಿಮಿಷ. ಅಲ್ಲಿಂದ ಒಂದರ ಮೇಲೊಂದು ಜೋಡಿಸಿದ ಟ್ರೇಗಳಿಗೆ. ಮೇಲಿನ ಟ್ರೇಯಿಂದ ಕೆಳಗಿನದಕ್ಕೆ ನಿಮಿಷಕ್ಕೆ ಸುಮಾರು 15 ಲೀಟರ್ ನೀರು ಇಳಿಯುತ್ತಿರಬೇಕು. ಇಲ್ಲಿ ಕ್ಯಾಲೆಂಡರ್ ನಡೆಯುವುದಿಲ್ಲ, ಶಾಖದ ಲೆಕ್ಕ: ದಿನದಿನದ ನೀರಿನ ಉಷ್ಣತೆಯನ್ನು (ಸೆಲ್ಸಿಯಸ್‌ನಲ್ಲಿ) ಕೂಡಿಸುತ್ತ ಹೋದರೆ 250ರ ಹೊತ್ತಿಗೆ ಕಣ್ಣಿನ ಚುಕ್ಕಿ ಕಾಣುತ್ತದೆ, 500ರ ಹೊತ್ತಿಗೆ ಮೊಟ್ಟೆ ಒಡೆದು ಮರಿ ಬರುತ್ತದೆ. ನೀರು 10 ಡಿಗ್ರಿ ಇದ್ದರೆ ಇಪ್ಪತ್ತೈದು ದಿನ, ಐವತ್ತು ದಿನ. ಮೊದಲೆರಡು ದಿನ ಕಳೆದ ಮೇಲೆ ಕಣ್ಣು ಮೂಡುವ ತನಕ ಟ್ರೇ ಅಲುಗಾಡಿಸುವಂತಿಲ್ಲ. ಕಣ್ಣು ಮೂಡಿದ ಮೇಲೆ ಬೇಕೆಂದೇ ಎತ್ತರದಿಂದ ಸುರಿಯುತ್ತಾರೆ. ಆ ಪೆಟ್ಟಿಗೆ ಫಲಿಸದ ಮೊಟ್ಟೆ ಬೆಳ್ಳಗಾಗುತ್ತದೆ, ಆರಿಸಿ ತೆಗೆಯಬೇಕು. ಬಿಟ್ಟರೆ ಸತ್ತ ಮೊಟ್ಟೆಯ ಮೇಲೆ ಹತ್ತಿಯಂಥ ಬೂಷ್ಟು ಹತ್ತಿ ಪಕ್ಕದ್ದಕ್ಕೂ ಹಬ್ಬುತ್ತದೆ. ಫಾರ್ಮಲಿನ್ ಹಾಕುವುದು ಈ ಬೂಷ್ಟಿಗಾಗಿಯೇ. ಇಷ್ಟೆಲ್ಲ ಮಾಡಿಯೂ, ಶರತ್ಕಾಲದ ಮಳೆಗೆ ಎಲೆ ಬಂದು ನೀರು ಒಳಬರುವ ಜಾಲರಿ ಕಟ್ಟಿಕೊಂಡು, ನಡುರಾತ್ರಿ ಅಲಾರಂ ಕೂಗದಿದ್ದರೆ ಬೆಳಗಾಗುವಷ್ಟರಲ್ಲಿ ವರ್ಷದ ಬೆಳೆ ಹೋಯಿತು.

ಒಳ್ಳೆಯ ಹ್ಯಾಚರಿಯಲ್ಲಿ ನೂರು ಮೊಟ್ಟೆಗೆ ಎಂಬತ್ತಕ್ಕೂ ಹೆಚ್ಚು ಮರಿ ಹೊಳೆ ಸೇರುತ್ತವೆ. ಹೊಳೆಯಲ್ಲೇ ಹುಟ್ಟಿ ಅಷ್ಟು ದೊಡ್ಡದಾಗುವುದು ನೂರಕ್ಕೆ ಹತ್ತಿದ್ದರೆ ಹೆಚ್ಚು. ಹ್ಯಾಚರಿಯ ಪವಾಡವೆಲ್ಲ ಇಷ್ಟೇ. ಗೇಟು ತೆರೆದು ಬಿಟ್ಟ ಮೇಲೆ ಅದರ ಮರಿಯೂ ಅದೇ ಹೊಳೆಯಲ್ಲಿ, ಅದೇ ಸಮುದ್ರದಲ್ಲಿ ಬದುಕಬೇಕು. ದೊಡ್ಡದಾಗಿ ಮೊಟ್ಟೆ ಇಡಲು ಹೊಳೆಗೆ ತಿರುಗಿ ಬರುವುದು ಬಹುತೇಕ ವರ್ಷ ನೂರಕ್ಕೆ ಒಂದು, ಅದೂ ಇಲ್ಲದಿರಬಹುದು.

ಇಸಾಕ್ವಾ ಮೀನಿನ ದಾರಿಯನ್ನೇ ನೋಡಿ. ಸಮುದ್ರದಿಂದ ಬರುವಾಗ ಬ್ಯಾಲರ್ಡ್ ಲಾಕ್ಸ್ ಎಂಬ ಹಡಗು ಬಾಗಿಲುಗಳ ಪಕ್ಕದ ಮೀನಿನ ಏಣಿ (ಮೀನು ಹತ್ತಲು ಕಟ್ಟಿದ ಮೆಟ್ಟಿಲು) ಹತ್ತಿ, ಹಡಗಿನ ಕಾಲುವೆ ದಾಟಿ, ವಾಷಿಂಗ್ಟನ್ ಕೆರೆ, ಸಮಾಮಿಶ್ ನದಿ, ಸಮಾಮಿಶ್ ಕೆರೆ, ಕೊನೆಗೆ ಇಸಾಕ್ವಾ ಹಳ್ಳ. ಚಿನೂಕ್ ಬರುವ ಬೇಸಿಗೆಯಲ್ಲೇ ಆ ಕಾಲುವೆಯ ನೀರು 20 ಡಿಗ್ರಿ ದಾಟುತ್ತದೆ. 18ರ ಮೇಲೆ ಹೋದರೇ ಸಾಲ್ಮನ್‌ಗೆ ಏದುಸಿರು. 2015ರಲ್ಲಿ ಕೊಲಂಬಿಯಾ ನದಿ ಬಿಸಿಯಾಗಿ ಎರಡೂವರೆ ಲಕ್ಷದಷ್ಟು ಸಾಕೈ ಸಾಲ್ಮನ್ ಮೊಟ್ಟೆ ಇಡುವ ಮೊದಲೇ ಸತ್ತವು. ಅದಕ್ಕೆ ಯಾವ ಟ್ರೇಯಲ್ಲೂ ಮದ್ದಿಲ್ಲ.

ಕೋಹೊ ಕಥೆ ಇನ್ನೂ ವಿಚಿತ್ರ. ಮೊದಲ ಮಳೆ ಬಿದ್ದ ಕೂಡಲೇ ನಗರದ ಹಳ್ಳಗಳಲ್ಲಿ ಮೊಟ್ಟೆ ತುಂಬಿದ ಹೆಣ್ಣುಗಳು ಬಾಯಿ ಬಿಡುತ್ತ ಗಿರಗಿರ ಸುತ್ತಿ ಸಾಯುತ್ತಿದ್ದವು. ಕಾರಣ ಗೊತ್ತಾಗಿದ್ದು 2020ರಲ್ಲಿ: ಕಾರಿನ ಟೈರು. ರಬ್ಬರ್ ಬಿರುಕು ಬಿಡದಿರಲೆಂದು ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಝೋನ್ ತಾಗಿ ಇನ್ನೊಂದು ರಾಸಾಯನಿಕವಾಗುತ್ತದೆ. ಲೀಟರ್ ನೀರಿಗೆ ನೂರು ನ್ಯಾನೊಗ್ರಾಂ ಸಾಕು, ಕೋಹೊ ಗಂಟೆಗಳಲ್ಲಿ ಸಾಯುತ್ತದೆ. ಇದಕ್ಕೆ ಉಪಾಯ ಇದೆ, ಸೊಗಸಾಗಿಯೂ ಇದೆ. ಅರವತ್ತು ಪಾಲು ಮರಳು, ನಲವತ್ತು ಪಾಲು ಕಾಂಪೋಸ್ಟ್ ಬೆರೆಸಿದ ಮಣ್ಣಿನ ಮೂಲಕ ರಸ್ತೆ ನೀರನ್ನು ಇಳಿಸಿದರೆ ಪ್ರಯೋಗದಲ್ಲಿ ಕೋಹೊ ಬದುಕಿತು. ರಸ್ತೆ ಬದಿಯಲ್ಲಿ ಇಂಥ ಗುಂಡಿ ತೋಡುವ ಹಣಕ್ಕೆ ಫೋಟೊ ಸಿಗುವುದಿಲ್ಲ ಅನ್ನುವುದೇ ತೊಂದರೆ.

ಮೋರಿಗಳದ್ದೂ ಅದೇ ಪಾಡು. ರಸ್ತೆಯಡಿ ಹಾಕಿದ ಕಿರಿದಾದ ಪೈಪಿನಲ್ಲಿ ನೀರು ರಭಸವಾಗುತ್ತದೆ, ಹೊರಬರುವಲ್ಲಿ ನೆಲ ಕೊರೆದು ಗುಂಡಿ ಬೀಳುತ್ತದೆ, ಪೈಪಿನ ಬಾಯಿ ಮೇಲೆ ತೂಗುತ್ತದೆ. ಮೀನಿಗೆ ಅದು ಗೋಡೆ. ವಾಷಿಂಗ್ಟನ್ ರಾಜ್ಯದಲ್ಲಿ ಹೊಸ ಮೋರಿಗೆ ಬಳಸುವ ಒಂದು ಸೂತ್ರ: ಹಳ್ಳ ದಡ ತುಂಬಿ ಹರಿಯುವಾಗಿನ ಅಗಲದ 1.2 ಪಟ್ಟು, ಮೇಲೆ 2 ಅಡಿ. ಹತ್ತಡಿ ಹಳ್ಳಕ್ಕೆ ಹದಿನಾಲ್ಕಡಿ ಮೋರಿ. ಸ್ಥಳೀಯ ಬುಡಕಟ್ಟುಗಳು ಕೋರ್ಟಿಗೆ ಹೋಗಿ, 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 4-4 ಸಮನಾಗಿ ಒಡೆದು, ಮೋರಿ ಸರಿಪಡಿಸಿ ಎಂದ ಕೆಳಗಿನ ಕೋರ್ಟಿನ ತೀರ್ಪೇ ಉಳಿದ ಮೇಲೆ ರಾಜ್ಯಕ್ಕೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ.

ಇನ್ನು ಹ್ಯಾಚರಿಯೇ ಮಾಡುವ ಹಾನಿ. ತೊಟ್ಟಿಯಲ್ಲಿ ಮೇಲಿಂದ ಬೀಳುವ ಕಾಳು ತಿಂದು ಬೆಳೆದ ಮರಿಗೆ ನೆರಳು ಕಂಡರೆ ಊಟ ಬಂತು ಅನ್ನುವ ಅಭ್ಯಾಸ. ಹೊಳೆಯಲ್ಲಿ ಆ ನೆರಳು ಕೊಕ್ಕರೆಯದ್ದು. ಇದು ಒಂದು ತಲೆಮಾರಿಗೆ ಮುಗಿಯುವುದೂ ಇಲ್ಲ. ಆರೆಗಾನ್‌ನ ಹುಡ್ ನದಿಯ ಸ್ಟೀಲ್‌ಹೆಡ್ (ಸಾಲ್ಮನ್ ಬಳಗದ್ದೇ ಮೀನು) ಮೇಲಿನ 2007ರ ಅಧ್ಯಯನದಲ್ಲಿ, ಹ್ಯಾಚರಿಯಲ್ಲಿ ಕಳೆದ ಪ್ರತಿ ತಲೆಮಾರಿಗೂ ಸಂತಾನಶಕ್ತಿ ಸುಮಾರು 40 ಶೇಕಡಾ ಕುಸಿದಿತ್ತು. ಆ ಮೀನು ಕಾಡು ಮೀನಿನ ಜೊತೆ ಕೂಡಿದರೆ ಸವಕಲು ಅಲ್ಲಿಗೂ ದಾಟುತ್ತದೆ. ಅದಕ್ಕೇ ಬೆನ್ನಿನ ಮೇಲೆ ಬಾಲದ ಹತ್ತಿರ ಇರುವ ಪುಟ್ಟ ರೆಕ್ಕೆಯನ್ನು ಮರಿಯಲ್ಲೇ ಕತ್ತರಿಸುತ್ತಾರೆ. ರೆಕ್ಕೆ ಇಲ್ಲದ್ದು ಹ್ಯಾಚರಿಯದ್ದು. ಹಳ್ಳದಲ್ಲಿ ಮೊಟ್ಟೆ ಇಡುತ್ತಿರುವವುಗಳಲ್ಲಿ ರೆಕ್ಕೆ ಇಲ್ಲದವು ನೂರಕ್ಕೆ ಎಷ್ಟು? ಹ್ಯಾಚರಿಯವರನ್ನು ಕೇಳಬೇಕಾದ ಪ್ರಶ್ನೆ ಇದು.

ಹ್ಯಾಚರಿ ಮುಚ್ಚಿ ಅನ್ನುತ್ತಿಲ್ಲ. ಕೊಲಂಬಿಯಾ ನದಿಯ ಗ್ರ್ಯಾಂಡ್ ಕೂಲಿ ಅಣೆಕಟ್ಟಿಗೆ ಮೀನಿನ ಏಣಿಯೇ ಇಲ್ಲ. ಅಂಥ ಕಡೆ ಸರ್ಕಾರ ಕೊಟ್ಟ ಮಾತಿನಂತೆ ಬುಡಕಟ್ಟುಗಳಿಗೆ ಮೀನು ಉಳಿಯಬೇಕಾದರೆ ಸದ್ಯಕ್ಕೆ ಹ್ಯಾಚರಿಯೇ ಗತಿ. ಅಳಿವಿನಂಚಿನ ತಳಿಯೊಂದನ್ನು ನಾಲ್ಕಾರು ವರ್ಷ ಹಿಡಿದಿಡಲೂ ಬೇಕು. ಆದರೆ ಅಣೆಕಟ್ಟು, ಮೋರಿ, ಬಿಸಿನೀರನ್ನು ಹಾಗೇ ಬಿಟ್ಟು ಮರಿ ಸುರಿಯುವುದಕ್ಕೆ ಸಂರಕ್ಷಣೆ ಅನ್ನುವ ಹೆಸರು ಬೇಡ.

ಈಗ ಕಾವೇರಿ. ನಮ್ಮ ಹೊಳೆಯ ಸ್ವಂತ ಬಿಳಿಮೀನು ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ದೈತ್ಯ ಮಹಸೀರ್. ಅದು ಕಡಿಮೆಯಾಗುತ್ತಿದೆ ಅಂತ ಲೋಣಾವಳದ ಹ್ಯಾಚರಿಯಿಂದ ಮರಿ ತಂದು ಬಿಟ್ಟರು. ಆ ಮರಿ ಕೃಷ್ಣಾ ಕಣಿವೆಯ ನೀಲಿರೆಕ್ಕೆ ಮಹಸೀರ್, ಬೇರೆಯೇ ಜಾತಿ. ಕಾವೇರಿ ದಡದ ಗಾಲಿಬೋರೆ ಗಾಳದ ಶಿಬಿರದ 1998ರಿಂದ 2012ರ ದಾಖಲೆ ತೆಗೆದು ನೋಡಿದವರಿಗೆ ಕಂಡದ್ದು: ಸಿಗುವ ಮೀನಿನ ಸಂಖ್ಯೆ ವರ್ಷವರ್ಷ ಏರುತ್ತಿತ್ತು, ಗೂನುಮೀನು ಮಾತ್ರ ಕಾಣೆಯಾಗುತ್ತಿತ್ತು. ಸಂಖ್ಯೆ ನೋಡಿ ಎಲ್ಲರೂ ಖುಷಿಯಾಗಿದ್ದರು. ಗೂನುಮೀನಿನ ವೈಜ್ಞಾನಿಕ ಹೆಸರು ಯಾವುದೆಂದು ಇತ್ಯರ್ಥವಾದದ್ದೇ 2018ರಲ್ಲಿ. ಅದಕ್ಕೆ ಬೇಕಾದ ಮೀನು ಸಿಕ್ಕಿದ್ದು ತಮಿಳುನಾಡಿನ ಮೋಯಾರ್ ನದಿಯಲ್ಲಿ.