ಕಿಳ್ಳೇಕ್ಯಾತನ ವಾಸಸ್ಥಳ ಪ್ರಮಾಣಪತ್ರ

ಧಾರವಾಡದಲ್ಲಿ ಸಂಸ್ಕೃತಿ ಉಳಿಸುವ ಕೆಲಸ ಪೂರ್ವಭಾವಿ ಸಭೆಯಿಂದ ಆರಂಭವಾಗುತ್ತದೆ. ಬಹಳಷ್ಟು ಸಲ ಅಲ್ಲಿಗೇ ಮುಗಿದೂ ಹೋಗುತ್ತದೆ. ಈ ಸಲದ ಉತ್ಸವಕ್ಕೆ ‘ಶುದ್ಧ ನೆಲಮೂಲ ಕಲೆ’ಯೇ ಬೇಕೆಂದು ಸಮಿತಿಯ ಅಧ್ಯಕ್ಷರು ಮೇಜು ಕುಟ್ಟಿ ಹೇಳಿದಾಗ ಚಪ್ಪಾಳೆ ಬಿತ್ತು. ಡಿಜೆ ಬೇಡ, ಬ್ಯಾಂಡ್ ಬೇಡ, ಕೇರಳದ ಚಂಡೆಯಂತೂ ಬೇಡವೇ ಬೇಡ. ಹಾಗಾದರೆ ಏನು ಬೇಕು ಎಂಬಲ್ಲಿಗೆ ಸಭೆ ಗಪ್‌ಚುಪ್ಪಾಯಿತು. ಕೊನೆಗೆ ಯಾರೋ ಒಬ್ಬರು ತೊಗಲುಗೊಂಬೆ ಎಂದರು, ಪರದೆಯ ಹಿಂದೆ ದೀಪವಿಟ್ಟು ಚರ್ಮದ ಗೊಂಬೆಗಳ ನೆರಳು ಆಡಿಸುವ ಆಟ. ಆಗ ಎಲ್ಲರಿಗೂ ನೆನಪಾಯಿತು: ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ನೆಯ ವಯಸ್ಸಿನಲ್ಲಿ, ಪದ್ಮಶ್ರೀ ಬಂದಿತ್ತಲ್ಲ! ಪ್ರಶಸ್ತಿ ಪ್ರಕಟವಾದ ದಿನ ನಾಡಿಗೆ ನಾಡೇ ಆ ಅಜ್ಜಿಯ ಬಳಗವಾಗಿತ್ತು. ಅಜ್ಜಿಯ ನಿಜವಾದ ಬಳಗ ಯಾವ ಊರಿನಲ್ಲಿದೆ, ಏನು ತಿನ್ನುತ್ತಿದೆ ಎಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿದರು.

ಹುಡುಕಿಸಿದಾಗ ಗದಗ ಕಡೆಯಿಂದ ಒಬ್ಬ ಗೊಂಬೆಯವರು ಸಿಕ್ಕರು. ಮುಂದಿನ ಸಭೆಗೆ ಪೆಟ್ಟಿಗೆ ಹೊತ್ತುಕೊಂಡು ಬಂದರು. ಮೇಜಿನ ಮೇಲಿದ್ದ ನೀರಿನ ಬಾಟಲಿಗಳನ್ನು ಸರಿಸಿ ಒಂದೊಂದೇ ಗೊಂಬೆ ಬಿಡಿಸಿಟ್ಟರು. ಆಡಿನ ಚರ್ಮವನ್ನು ಆಚೆಯ ಬೆಳಕು ಕಾಣುವಷ್ಟು ತೆಳುವಾಗಿ ಹೆರೆದು, ಒಡವೆ ಇರಬೇಕಾದಲ್ಲೆಲ್ಲ ಸಣ್ಣ ಸಣ್ಣ ತೂತು ಹೊಡೆದ ಸೀತೆ. ನಡುವೆ ಸೀಳಿದ ಬಿದಿರಿನ ಕಡ್ಡಿಗೆ ಸಿಕ್ಕಿಸಿದ ಹನುಮಂತ. ಕೊನೆಗೆ ಆಟದ ವಿದೂಷಕ ಕಿಳ್ಳೇಕ್ಯಾತ: ಕಪ್ಪು ಮೈ, ಡೊಳ್ಳು ಹೊಟ್ಟೆ, ಗುಂಗುರು ಕೂದಲು. ಅವನ ಬೆನ್ನಿಗೇ ಹೆಂಡತಿ ಬಂಗಾರಕ್ಕ. ಕೋಶಾಧ್ಯಕ್ಷರು ಕಿಳ್ಳೇಕ್ಯಾತನನ್ನು ಎರಡು ಬೆರಳಲ್ಲಿ ಎತ್ತಿ, “ಇವನು ಸ್ವಲ್ಪ ಅಸಹ್ಯವಾಗಿದ್ದಾನೆ, ಮಂತ್ರಿಗಳು ಬರುತ್ತಾರೆ” ಎಂದರು. ಊರ ಗೌಡನಿಂದ ಹಿಡಿದು ರಾವಣನವರೆಗೆ ಎಲ್ಲರನ್ನೂ ಗೇಲಿ ಮಾಡಲಿಕ್ಕೆಂದೇ ಹುಟ್ಟಿದ ಪಾತ್ರಕ್ಕೆ ಸಿಕ್ಕ ಮೊದಲ ಸನ್ಮಾನ ಇದು.

ನಂತರ ಅರ್ಜಿ ಬಂತು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ, ಕಲಾವಿದರ ಗುರುತಿನ ಚೀಟಿ, ಜೊತೆಗೆ ತಲೆಮಾರುಗಳಿಂದ ಇದೇ ಭಾಗದಲ್ಲಿ ನೆಲೆಸಿದ್ದೇವೆ ಎನ್ನುವುದಕ್ಕೆ ವಾಸಸ್ಥಳ ಪ್ರಮಾಣಪತ್ರ. ಊರಿಂದ ಊರಿಗೆ ಗೊಂಬೆ ಹೊತ್ತು ತಿರುಗಿಯೇ ಬದುಕಿದ ಜನಕ್ಕೆ, ನೀವು ಅಲ್ಲಾಡದೆ ಕುಳಿತಿದ್ದಕ್ಕೆ ದಾಖಲೆ ಕೊಡಿ ಎನ್ನಲು ಎಂಥ ಗುಂಡಿಗೆ ಬೇಕು! ಜಾತಿಯದು ಇನ್ನೊಂದು ಕಥೆ. ಇದೇ ಗೊಂಬೆಯವರು ಒಂದು ಕಡೆ ಕಿಳ್ಳೇಕ್ಯಾತರು, ಇನ್ನೊಂದು ಕಡೆ ಶಿಳ್ಳೇಕ್ಯಾತರು, ಮತ್ತೊಂದು ಕಡೆ ಕಟಬರು; ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಸಿಳ್ಳೇಕ್ಯಾತರು. ಅಜ್ಜ ಒಬ್ಬನೇ ಇರಬಹುದು. ಗುಮಾಸ್ತನ ಕಣ್ಣಿಗೆ ಮೊದಲ ಅಕ್ಷರ ಬೇರೆಯಾದರೆ ಅಜ್ಜನೂ ಬೇರೆ.

ಮಾತೃಭಾಷೆಯ ಕಲಮಿನಲ್ಲಂತೂ ಸಭೆಗೆ ಸಿಡಿಲು ಬಡಿಯಿತು. ಗೊಂಬೆಯವರು ಮುಚ್ಚುಮರೆಯಿಲ್ಲದೆ, ಮನೆಯಲ್ಲಿ ಆಡುವುದು ಮರಾಠಿ ಬೆರೆತ ನಮ್ಮದೇ ಮಾತು ಎಂದರು. ಕಾರ್ಯದರ್ಶಿಗಳ ಪೆನ್ನು ನಿಂತಿತು. ಗಡಿ ವಿವಾದ ಬೆಳಗಾವಿಯಿಂದ ನೇರವಾಗಿ ನಮ್ಮ ಸಭಾಭವನಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಂಡಿತು.

“ಅಂದರೆ ನೀವು ಈ ನೆಲದವರಲ್ಲವೇ?”

“ಸಾಹೇಬರೇ, ಮನೆಯಲ್ಲಿ ಆ ಮಾತು. ಪರದೆಯ ಮುಂದೆ ನಮ್ಮ ರಾವಣ ಬಯ್ಯುವುದು ಕನ್ನಡದಲ್ಲಿಯೇ.”

ಈ ಉತ್ತರವನ್ನು ನಡಾವಳಿಯಲ್ಲಿ ಬರೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಎಲ್ಲರ ಕೈಗೆ ಫೇಡೆ ಬಂತು. ಧಾರವಾಡದ ಹೆಮ್ಮೆ, ಭೌಗೋಳಿಕ ಗುರುತು ಪಡೆದ ಫೇಡೆ. ಅದನ್ನು ಇಲ್ಲಿಗೆ ತಂದದ್ದು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ ಮನೆತನ. ಬಾಯಿ ಸಿಹಿ ಮಾಡಿಕೊಂಡ ಯಾರೂ ಫೇಡೆಗೆ ಮಾತೃಭಾಷೆ ಕೇಳಲಿಲ್ಲ. ಉತ್ಸವದ ರಾತ್ರಿ ಹಿಂದೂಸ್ತಾನಿ ಗಾಯನವಿದೆ. ಅದು ನಮ್ಮ ಮಣ್ಣಿನ ಗುಣ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಆ ಕಿರಾನಾ ಘರಾಣೆಯ ಗಾಯನಶೈಲಿಯನ್ನು ಈ ಮಣ್ಣಿಗೆ ಬಿತ್ತಿದವರು ಉತ್ತರ ಪ್ರದೇಶದ ಕೈರಾನಾದ ಅಬ್ದುಲ್ ಕರೀಂ ಖಾನ್ ಸಾಹೇಬರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರ ಶಿಷ್ಯರು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಮತ್ತು ಗದಗ ಸೀಮೆಯ ಭೀಮಸೇನ ಜೋಶಿ. ಖಾನ್ ಸಾಹೇಬರನ್ನು ಸ್ಟೇಷನ್ನಿನಲ್ಲಿಯೇ ನಿಲ್ಲಿಸಿ ವಾಸಸ್ಥಳ ಪ್ರಮಾಣಪತ್ರ ಕೇಳುವ ಸಮಿತಿ ಆಗ ಇರಲಿಲ್ಲ, ನಮ್ಮ ಪುಣ್ಯ. ಸಭೆಯಲ್ಲಿದ್ದವರ ಪೈಕಿಯೇ ಮನೆಯಲ್ಲಿ ಉರ್ದು, ಕೊಂಕಣಿ, ತೆಲುಗು, ಮಾರವಾಡಿ ಆಡುವವರು ಐದಾರು ಮಂದಿ ಇದ್ದರು. ಮೊಮ್ಮಕ್ಕಳೊಡನೆ ಇಂಗ್ಲಿಷ್ ಬಿಟ್ಟು ಬೇರೇನೂ ಆಡದವರು ಅಧ್ಯಕ್ಷರು. ನೆಲಮೂಲದ ಪರೀಕ್ಷೆ ಮಾತ್ರ ಪೆಟ್ಟಿಗೆ ಹೊತ್ತವನಿಗೆ.

ಈ ಕಾಯಿಲೆ ನಮ್ಮೊಬ್ಬರದೇ ಅಲ್ಲ. ಮಲೇಷ್ಯಾ ದೇಶ 1971ರಲ್ಲಿ ರಾಷ್ಟ್ರೀಯ ಸಂಸ್ಕೃತಿಗೆ ಮೂಲನಿವಾಸಿಗಳ ಸಂಸ್ಕೃತಿಯೇ ತಳಹದಿ ಎಂದು ನೀತಿ ರೂಪಿಸಿತು. ಅಲ್ಲಿನ ಕೆಲಂತಾನ್ ಪ್ರಾಂತದಲ್ಲಿ ವಾಯಾಂಗ್ ಕುಲಿತ್ ಎಂಬ ತೊಗಲುಗೊಂಬೆ ಆಟವಿದೆ. ಆಡುವವರು ಹೆಚ್ಚಾಗಿ ಮಲಯ್ ಮುಸ್ಲಿಮರು, ಆಡುವ ಕಥೆ ರಾಮಾಯಣ. ನಗಿಸುವವನು ಪಾಕ್ ದೋಗೋಲ್. ಅವನದೂ ಕಪ್ಪು ಮೈ, ಡೊಳ್ಳು ಹೊಟ್ಟೆ, ಥೇಟ್ ನಮ್ಮ ಕಿಳ್ಳೇಕ್ಯಾತನ ದಾಯಾದಿ. ಇದಕ್ಕಿಂತ ನೆಲಮೂಲ ಇನ್ನೇನು ಬೇಕು? ಆದರೂ 1990ರ ದಶಕದಲ್ಲಿ ಅಲ್ಲಿನ ಪ್ರಾಂತ ಸರ್ಕಾರ, ಇದು ಧರ್ಮಕ್ಕೆ ಒಗ್ಗುವುದಿಲ್ಲ ಎಂದು ಆಟಕ್ಕೆ ನಿಷೇಧ ಹಾಕಿತು. ನೀತಿಯ ಪ್ರಕಾರ ಅದು ರಾಷ್ಟ್ರದ ತಳಹದಿ, ಆಗಿನ ಪ್ರಾಂತ ಸರ್ಕಾರದ ಪ್ರಕಾರ ಪಾಪ. ಆ ಗೊಂಬೆಗಳನ್ನು ಆಡಿಸಲು ಕಲಿತವರಲ್ಲಿ ಚೀನೀ ಮೂಲದವರೂ ಇದ್ದಾರೆ. ನಮ್ಮ ಕಾರ್ಯದರ್ಶಿಗಳನ್ನು ಒಮ್ಮೆ ಅಲ್ಲಿಗೆ ಅಧ್ಯಯನ ಪ್ರವಾಸಕ್ಕೆ ಕಳಿಸಬೇಕು. ಅವರ ಅರ್ಜಿ ನಮೂನೆಯನ್ನು ಅಲ್ಲಿ ಕೈಮುಗಿದು ತೆಗೆದುಕೊಳ್ಳುತ್ತಾರೆ.

ಅರ್ಜಿಗೆ ಕೊನೆಯದಾಗಿ ‘ಕಲಾವಿದರು ಪ್ರದರ್ಶನ ನೀಡುತ್ತಿರುವ ಭಾವಚಿತ್ರ’ ಲಗತ್ತಿಸಬೇಕಿತ್ತು. ಗೊಂಬೆಯವರು ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದರು: ಬಿಳಿ ಪರದೆ, ಅದರ ಮೇಲೆ ಬಣ್ಣದ ನೆರಳು. “ಇದರಲ್ಲಿ ನೀವೆಲ್ಲಿ?” ಎಂದು ಗುಮಾಸ್ತರು ಕೇಳಿದರು. ಹಿಂದೆ ಇದ್ದೇನೆ ಎಂದರು. ಪರದೆಯ ಹಿಂದೆ ಹೋಗಿ ತೆಗೆದ ಇನ್ನೊಂದು ಚಿತ್ರ ತೋರಿಸಿದರೆ, “ಇದರಲ್ಲಿ ಪ್ರದರ್ಶನವೆಲ್ಲಿ?” ಎಂಬ ಆಕ್ಷೇಪ ಬಂತು. ಎರಡೂ ಒಂದೇ ಚೌಕಟ್ಟಿನಲ್ಲಿ ಬರಬೇಕು, ಕೆಳಗೆ ಸ್ಥಳ, ದಿನಾಂಕ ಮೂಡಿರಬೇಕು ಎಂಬುದು ಸುತ್ತೋಲೆ.

ಅಂತೂ ಉತ್ಸವ ನಡೆಯಿತು. ಸ್ವಾಗತ ಕಮಾನಿನ ಮೇಲೆ ಇಪ್ಪತ್ತು ಅಡಿಯ ಕಿಳ್ಳೇಕ್ಯಾತ ನಗುತ್ತಿದ್ದ. ಫ್ಲೆಕ್ಸ್‌ನವರು ಅವನ ಹೊಟ್ಟೆ ಕರಗಿಸಿ, ಮೈ ಬೆಳ್ಳಗಾಗಿಸಿ, ಹೆಗಲಿಗೊಂದು ಶಲ್ಯ ಹೊದಿಸಿದ್ದರು. ಗಣ್ಯರ ಭಾಷಣ ಮೂರು ತಾಸು ಆಯಿತು. ರಾತ್ರಿಯಿಡೀ ಆಡುವ ಆಟಕ್ಕೆ ಹತ್ತು ನಿಮಿಷ ಉಳಿಯಿತು. ಆಟ ಶುರುವಾಗುವಾಗ ವೇದಿಕೆಯ ದೀಪ ಆರಿಸಲು ಗೊಂಬೆಯವರು ಕೈಮುಗಿದು ಕೇಳಿಕೊಂಡರು. ದೀಪ ಆರಿಸಿದರೆ ಮುಂದಿನ ಸಾಲಿನ ಗಣ್ಯರು ವಿಡಿಯೋದಲ್ಲಿ ಕಾಣುವುದಿಲ್ಲವೆಂದು ಸಮಿತಿ ಒಪ್ಪಲಿಲ್ಲ. ಫೋಕಸ್ ಲೈಟಿನ ಎದುರು ರಾಮನೂ ಕಾಣಲಿಲ್ಲ, ರಾವಣನೂ ಕಾಣಲಿಲ್ಲ. ಬರೀ ಬಿಳಿ ಬಟ್ಟೆಗೆ ಜನ ಚಪ್ಪಾಳೆ ತಟ್ಟಿದರು. ನಿರೂಪಕರು “ನಮ್ಮ ಅಸ್ಮಿತೆ ಇದು” ಎಂದು ಗದ್ಗದಿತರಾದರು.

ಸಂಭಾವನೆಯ ಕಡತ ಮೊನ್ನೆ ಲೆಕ್ಕಪರಿಶೋಧಕರ ಮೇಜಿಗೆ ಹೋಗಿ ವಾಪಸಾಗಿದೆ. ವಿಡಿಯೋ ಪರಿಶೀಲಿಸಿ ಅವರು ಬರೆದ ಷರಾ ಹೀಗಿದೆ: “ಪ್ರದರ್ಶನದ ಅವಧಿಯಲ್ಲಿ ಕಲಾವಿದರು ವೇದಿಕೆಯ ಮೇಲೆ ಕಂಡುಬಂದಿರುವುದಿಲ್ಲ. ಗೊಂಬೆಗಳೂ ಕಂಡುಬಂದಿರುವುದಿಲ್ಲ. ಪರದೆಯ ಬಾಡಿಗೆ ಮಾತ್ರ ಪಾವತಿಸಬಹುದು.”