ಗಾಢ ಪರದೆಯೊಂದರ ಮೇಲೆಯೇ ತಪ್ಪು ಹೊರಿಸಬೇಕಿಲ್ಲ

ಕಿಟಕಿ ಪರದೆಗಳ ಕುರಿತ ಲೇಖನವೊಂದು ಲೋಹದ ಹೊಳಪಿನ ಬಟ್ಟೆಯನ್ನು ಮೆಚ್ಚುತ್ತದೆ, ಗಾಢ ಬಣ್ಣದ ಪರದೆ ಚಿಕ್ಕ ಹಜಾರವನ್ನು ಇನ್ನಷ್ಟು ಕಿರಿದಾಗಿಸುತ್ತದೆ ಎನ್ನುತ್ತದೆ; ಈ ಎರಡನೆಯ ಮಾತನ್ನು ಪೂರ್ತಿಯಾಗಿ ಒಪ್ಪಲಾಗದು. ಕಿರಿದೆನಿಸುವುದು ಬಹುಮಟ್ಟಿಗೆ ಗೋಡೆಗೂ ಪರದೆಗೂ ಇರುವ ಬಣ್ಣದ ಅಂತರದಿಂದ. ಬಿಳಿ ಗೋಡೆಯನ್ನು ತುಂಡರಿಸಿದಂತೆ ಕಾಣುವ ಕಡುನೀಲಿ ಪರದೆಯೇ ಬೂದುನೀಲಿ ಗೋಡೆಯ ಮುಂದೆ ಅದರೊಳಗೆ ಬೆರೆತುಹೋಗುತ್ತದೆ. ಪರದೆ ತೂಗುವ ಸರಳನ್ನು ಚಾವಣಿಯ ಸಮೀಪಕ್ಕೆ ಏರಿಸಿ, ಕಿಟಕಿಯ ಚೌಕಟ್ಟಿನಿಂದ ಎರಡೂ ಬದಿಗೆ ಗೇಣುದ್ದ ಚಾಚಿದರೆ, ಹಗಲಿನಲ್ಲಿ ಸರಿಸಿದ ಬಟ್ಟೆ ಗೋಡೆಯ ಮೇಲೆ ನಿಲ್ಲುತ್ತದೆಯೇ ಹೊರತು ಗಾಜನ್ನು ಮರೆಮಾಡುವುದಿಲ್ಲ. ಲೋಹದ ಹೊಳಪಿನ ವಿಷಯದಲ್ಲಿ ಮಾತ್ರ ನಾನು ಲೇಖಕರಿಗಿಂತ ಜಿಪುಣ: ಬಟ್ಟೆಯ ಮೇಲೆ ಅಂಟಿಸಿದ ಬೆಳ್ಳಿಯ ಅಚ್ಚು ಒಗೆತಕ್ಕೆ ಮಡಿಕೆಯ ಗೆರೆಗುಂಟ ಬಿರಿಯುತ್ತದೆ, ನೇಯ್ಗೆಯಲ್ಲೇ ಸೇರಿದ ಜರಿಯೆಳೆ ಹೆಚ್ಚು ಬಾಳುತ್ತದೆ. ಅದೂ ಪರದೆಯ ಹಿಂದೆ ಬಿಸಿಲಿರುವಾಗ ಮಂಕಾಗಿ, ಸಂಜೆಯ ದೀಪ ಪಕ್ಕದಿಂದ ಬಿದ್ದಾಗ ಮಿನುಗುವುದರಿಂದ, ಅಂಗಡಿಯ ಬೆಳಕನ್ನು ನಂಬದೆ ತುಣುಕೊಂದನ್ನು ಮನೆಯಲ್ಲೇ ತೂಗುಹಾಕಿ ನೋಡುವುದು ಲೇಸು.