ಗೆದ್ದವಳ ಶಿಶುವಿಹಾರದ ಕಡತ ತನ್ನಿ

ಅಮೆರಿಕದ ಯೂಟಾ ರಾಜ್ಯದಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಪಂದ್ಯವೊಂದರಲ್ಲಿ ಉಳಿದವರನ್ನೆಲ್ಲ ಎಲ್ಲೋ ಹಿಂದೆ ಬಿಟ್ಟು ಗೆದ್ದಳು. ಎರಡನೆಯ, ಮೂರನೆಯ ಸ್ಥಾನಕ್ಕೆ ಬಂದ ಹುಡುಗಿಯರ ಅಪ್ಪ ಅಮ್ಮಂದಿರಿಗೆ ತಟ್ಟನೆ ಜ್ಞಾನೋದಯವಾಯಿತು: ನಮ್ಮ ಮಗಳನ್ನು ಹೀಗೆ ಸೋಲಿಸಿದ್ದಾಳೆ ಅಂದರೆ ಅವಳು ಹುಡುಗಿಯೇ ಇರಲಿಕ್ಕಿಲ್ಲ. ದೂರು ಹೋಯಿತು. ರಾಜ್ಯದ ಹೈಸ್ಕೂಲು ಕ್ರೀಡಾ ಸಂಘ ಆ ಹುಡುಗಿಗೂ ಹೇಳದೆ, ಮನೆಯವರಿಗೂ ಹೇಳದೆ, ಅವಳ ಶಾಲಾ ಕಡತಗಳನ್ನು ಬಿಚ್ಚಿತು. ಹೈಸ್ಕೂಲಿನ ಕಡತ ನೋಡಿದರು, ಹೆಣ್ಣು. ಅದಕ್ಕೂ ಹಿಂದಿನದು ನೋಡಿದರು, ಹೆಣ್ಣು. ಬಿಡದೆ ಶಿಶುವಿಹಾರದವರೆಗೂ ಹೋದರು. ಅಲ್ಲೂ ಹೆಣ್ಣೇ. 2022ರ ಆಗಸ್ಟ್‌ನಲ್ಲಿ ಸಂಘದ ವಕ್ತಾರರು ಇದನ್ನು ಶಾಸಕರ ಮುಂದೆ ಗಂಭೀರವಾಗಿಯೇ ವರದಿ ಮಾಡಿದರು. 'ಆ ಹುಡುಗಿ ಸಾಕಷ್ಟು ಹುಡುಗಿಯ ಹಾಗೆ ಕಾಣುವುದಿಲ್ಲ' ಎಂಬಂಥ ದೂರುಗಳೂ ಬರುತ್ತಿವೆ ಎಂದರು. ಹುಡುಗಿಯ ಹಾಗೆ ಕಾಣಲು ಎಷ್ಟು ಸೆಕೆಂಡು ತಡವಾಗಿ ಗುರಿ ಮುಟ್ಟಬೇಕು ಎಂಬುದನ್ನು ಮಾತ್ರ ಯಾರೂ ನಿಗದಿ ಮಾಡಲಿಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಆ ರಾಜ್ಯದ ಗವರ್ನರ್ ಸ್ಪೆನ್ಸರ್ ಕಾಕ್ಸ್ ಒಂದು ಲೆಕ್ಕ ಕೊಟ್ಟಿದ್ದರು. ಯೂಟಾದಲ್ಲಿ ಹೈಸ್ಕೂಲು ಕ್ರೀಡೆ ಆಡುವ ಮಕ್ಕಳು 75,000. ಅವರಲ್ಲಿ ಟ್ರಾನ್ಸ್ ಮಕ್ಕಳು, ಅಂದರೆ ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಎನ್ನುವವರು, ನಾಲ್ವರು. ಆ ನಾಲ್ವರಲ್ಲಿ ಹುಡುಗಿಯರ ತಂಡದಲ್ಲಿ ಆಡುತ್ತಿದ್ದುದು ಒಂದೇ ಒಂದು ಮಗು. ಕಾಕ್ಸ್ ಅವರು ರಿಪಬ್ಲಿಕನ್ ಪಕ್ಷದವರೇ. ಆದರೂ ಟ್ರಾನ್ಸ್ ಹುಡುಗಿಯರು ಹುಡುಗಿಯರ ತಂಡದಲ್ಲಿ ಆಡದಂತೆ ನಿಷೇಧಿಸುವ ಮಸೂದೆಗೆ ಸಹಿ ಹಾಕದೆ ವಾಪಸ್ ಕಳಿಸಿದರು. ಅವರದೇ ಪಕ್ಷದ ಶಾಸಕರು ಅದನ್ನು ಮತ್ತೆ ಪಾಸು ಮಾಡಿಕೊಂಡರು. ಒಂದು ಮಗುವಿಗೆ ಒಂದು ಕಾನೂನು! ನಮ್ಮಲ್ಲಿ ಒಂದು ಊರಿಗೆ ಒಂದು ಬಸ್ಸು ಬಿಡಿಸಲು ಮೂರು ಚುನಾವಣೆ ಬೇಕು.

ಇದು ಹೊಸ ಹುಚ್ಚು ಎಂದುಕೊಂಡವರು 1936ರ ಬರ್ಲಿನ್‌ಗೆ ಹೋಗಿಬರಬೇಕು. 100 ಮೀಟರ್‌ನಲ್ಲಿ ಅಮೆರಿಕದ ಹೆಲೆನ್ ಸ್ಟೀಫನ್ಸ್, ಪೋಲೆಂಡ್ ಪರ ಓಡಿದ ಸ್ಟೆಲ್ಲಾ ವಾಲ್ಶ್ ಅವರನ್ನು ಸೋಲಿಸಿದರು. ಈ ಸ್ಟೀಫನ್ಸ್ ಗಂಡಸು ಎಂದು ಪೋಲೆಂಡ್ ಪತ್ರಿಕೆಗಳು ಬರೆದವು. ಪರೀಕ್ಷೆ ನಡೆಯಿತು, ಹೆಣ್ಣೆಂದು ಖಾತ್ರಿಯಾಯಿತು. 44 ವರ್ಷ ಕಳೆದು ವಾಲ್ಶ್ ದರೋಡೆಯೊಂದರಲ್ಲಿ ಗುಂಡೇಟಿಗೆ ಸತ್ತರು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರಿಗೆ ಕಂಡ ದೇಹ ಪೂರ್ತಿ ಹೆಣ್ಣಿನದೂ ಅಲ್ಲ, ಪೂರ್ತಿ ಗಂಡಿನದೂ ಅಲ್ಲ. ಬೆರಳು ತೋರಿಸಿದ್ದು ಗೆದ್ದವಳ ಕಡೆಗೆ, ಗುಟ್ಟು ಇದ್ದದ್ದು ಸೋತವಳಲ್ಲಿ. ಪಾಪ, ಅವರಿಗೂ ಅದು ಗೊತ್ತಿತ್ತೋ ಇಲ್ಲವೋ.

ಮುಂದೆ ಕ್ರೀಡಾ ಸಂಸ್ಥೆಗಳು ಗಾಳಿಮಾತು ಬಿಟ್ಟು 'ವಿಜ್ಞಾನ'ದ ದಾರಿ ಹಿಡಿದವು. 1966ರ ಬುಡಾಪೆಸ್ಟ್ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಆ ವಿಜ್ಞಾನ ಹೇಗಿತ್ತೆಂದರೆ, ಹೆಣ್ಣುಮಕ್ಕಳು ಬಟ್ಟೆ ಕಳಚಿ ವೈದ್ಯರ ಎದುರು ಸಾಲಾಗಿ ನಡೆದು ಹೋಗಬೇಕು. ಮುಂದಿನ ವರ್ಷ ಇದು ಅಸಭ್ಯ ಎನಿಸಿ ಕ್ರೋಮೋಸೋಮ್ ಪರೀಕ್ಷೆ ಬಂತು. ಬುಡಾಪೆಸ್ಟ್‌ನಲ್ಲಿ ಕಣ್ಣಿನ ಪರೀಕ್ಷೆ ಪಾಸಾಗಿದ್ದ ಪೋಲೆಂಡಿನ ಓಟಗಾರ್ತಿ ಎವಾ ಕ್ವೊಬುಕೋವ್ಸ್ಕಾ ಈ ಪರೀಕ್ಷೆಯಲ್ಲಿ ಫೇಲಾದರು. ದಾಖಲೆ ಪುಸ್ತಕದಿಂದ ಹೆಸರು ಅಳಿಸಿಹೋಯಿತು. 1968ರಲ್ಲಿ ಅವರು ಮಗುವನ್ನು ಹೆತ್ತ ಸುದ್ದಿ ಬಂತು. ಅಥ್ಲೆಟಿಕ್ಸ್ ಒಕ್ಕೂಟದ ಪ್ರಯೋಗಾಲಯಕ್ಕೆ ಹೊಳೆಯದ್ದು ಹೆರಿಗೆ ಆಸ್ಪತ್ರೆಗೆ ತಿಳಿದಿತ್ತು.

ಪಾಸಾದವರಿಗೆ ಒಂದು ಪ್ರಮಾಣಪತ್ರ ಸಿಗುತ್ತಿತ್ತು. ಜಾತಿ, ಆದಾಯ, ವಾಸಸ್ಥಳ ಎಂದು ನಾಡಕಚೇರಿಯ ಕಿಟಕಿಯಲ್ಲಿ ಸಾಲು ನಿಲ್ಲುವ ನಮಗೆ ಇದು ಪರಿಚಿತ ಲೋಕವೇ: ಮನುಷ್ಯ ಎದುರಿಗೇ ನಿಂತಿದ್ದರೂ ಕಾಗದ ಇಲ್ಲದಿದ್ದರೆ ಮನುಷ್ಯ ಇಲ್ಲ. 1985ರಲ್ಲಿ ಸ್ಪೇನ್‌ನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಜ್ ಪಟಿನ್ಯೊ ಜಪಾನಿನ ಕೋಬೆಯ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೋಗುವಾಗ ಈ ಪತ್ರವನ್ನು ಮನೆಯಲ್ಲೇ ಮರೆತರು. ಮರೆತದ್ದಕ್ಕೆ ಮತ್ತೊಮ್ಮೆ ಪರೀಕ್ಷೆ. ಅದರಲ್ಲಿ ಎಕ್ಸ್‌ವೈ, ಅಂದರೆ ಸಾಮಾನ್ಯವಾಗಿ ಗಂಡಸರಲ್ಲಿರುವ ಕ್ರೋಮೋಸೋಮ್ ಜೋಡಿ, ಎಂದು ಬಂತು. ಅವರ ದೇಹ ಗಂಡು ಹಾರ್ಮೋನ್ ಎನ್ನುವ ಟೆಸ್ಟೋಸ್ಟೆರೋನ್‌ಗೆ ಸ್ಪಂದಿಸುವುದೇ ಇಲ್ಲ, ಆದ್ದರಿಂದ ಅದರಿಂದ ಲಾಭವೂ ಇಲ್ಲ ಎಂದು ಒಪ್ಪಿಸಿ ಮೈದಾನಕ್ಕೆ ಮರಳುವಷ್ಟರಲ್ಲಿ 1988 ಆಗಿತ್ತು. ಪತ್ರ ಬ್ಯಾಗಿನಲ್ಲಿದ್ದಿದ್ದರೆ ಇಷ್ಟೂ ವರ್ಷ ಅವರು ನೆಮ್ಮದಿಯಾಗಿ ಹೆಣ್ಣಾಗಿರುತ್ತಿದ್ದರು.

ಹಾಗೆಂದು ಎಲ್ಲರಿಗೂ ಪತ್ರ ಬೇಕಿರಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಪರೀಕ್ಷೆಯಿಂದ ವಿನಾಯಿತಿ ಪಡೆದ ಏಕೈಕ ಮಹಿಳೆ ಬ್ರಿಟನ್ನಿನ ರಾಜಕುಮಾರಿ ಆ್ಯನ್. ಅವರು ಇಳಿದದ್ದು ಕುದುರೆ ಸವಾರಿಗೆ, ಅಲ್ಲಿ ಗಂಡು ಹೆಣ್ಣು ಒಂದೇ ಸ್ಪರ್ಧೆಯಲ್ಲಿ ಸೆಣಸುತ್ತಾರೆ. ಅರಮನೆಯ ವರ್ಣತಂತುಗಳ ಮೇಲೆ ಸಂಶಯ ಪಡುವುದು ಶಿಷ್ಟಾಚಾರವಲ್ಲ.

ಅರಮನೆ ಇಲ್ಲದವರ ಕತೆ ಬೇಕಿದ್ದರೆ ದೂರ ಹೋಗಬೇಕಿಲ್ಲ, ಪಕ್ಕದ ತಮಿಳುನಾಡು ಸಾಕು. ಪುದುಕ್ಕೋಟೈ ಜಿಲ್ಲೆಯ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯ ನಂತರ ಪದಕ ಕಿತ್ತುಕೊಂಡರು. ಕೆಲವು ವರ್ಷಗಳ ಮೇಲೆ ಪತ್ರಕರ್ತರು ಹುಡುಕಿಕೊಂಡು ಹೋದಾಗ ಅವರು ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದರು. ಅಲ್ಲಿ ಕೂಲಿ ಕೊಡುವಾಗ ಯಾರೂ ಹಾರ್ಮೋನ್ ಕೇಳಿರಲಿಕ್ಕಿಲ್ಲ, ಹೆಣ್ಣಾಳಿನ ಕೂಲಿಯೇ ಕೊಟ್ಟಿರುತ್ತಾರೆ.

ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಸ್ವಲ್ಪ ಗಟ್ಟಿಗಿತ್ತಿ. ಮೈಯಲ್ಲಿ ಟೆಸ್ಟೋಸ್ಟೆರೋನ್ ಮಿತಿಗಿಂತ ಹೆಚ್ಚಿದೆ ಎಂದು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟಾಗ ಸುಮ್ಮನೆ ಊರಿಗೆ ಹೋಗದೆ ಕ್ರೀಡಾ ನ್ಯಾಯಾಲಯಕ್ಕೆ ಹೋದರು. 2015ರಲ್ಲಿ ನ್ಯಾಯಾಲಯ ಟೆಸ್ಟೋಸ್ಟೆರೋನ್ ನಿಯಮವನ್ನೇ ಅಮಾನತಿನಲ್ಲಿಟ್ಟು, ಪುರಾವೆ ತನ್ನಿ ಎಂದು ಅಥ್ಲೆಟಿಕ್ಸ್ ಒಕ್ಕೂಟಕ್ಕೆ ಎರಡು ವರ್ಷದ ಗಡುವು ಕೊಟ್ಟಿತು. ಒಕ್ಕೂಟ 2017ರಲ್ಲಿ ಒಂದು ಅಧ್ಯಯನ ತಂದಿತು. ಇಲ್ಲಿಂದ ಮುಂದಿನದು ಯಾವ ವಿಡಂಬನಕಾರನ ಕೈಗೂ ಎಟುಕದ್ದು. ಆ ಅಧ್ಯಯನದ ಪ್ರಕಾರ ಹೆಚ್ಚು ಟೆಸ್ಟೋಸ್ಟೆರೋನ್‌ನ ಲಾಭ ಎದ್ದು ಕಂಡದ್ದು ಹ್ಯಾಮರ್ ಥ್ರೋನಲ್ಲಿ. ಆಮೇಲೆ ಪೋಲ್ ವಾಲ್ಟ್‌ನಲ್ಲಿ. 2018ರಲ್ಲಿ ಬಂದ ನಿಯಮದಲ್ಲಿ ಹ್ಯಾಮರ್ ಇಲ್ಲ, ಪೋಲ್ ವಾಲ್ಟ್ ಇಲ್ಲ! 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳು ಮಾತ್ರ. ಲಾಭ ಕಾಣದಿದ್ದ 1500 ಮೀಟರ್ ಒಳಗೆ, ಲಾಭ ಕಂಡಿದ್ದ ಹ್ಯಾಮರ್ ಹೊರಗೆ. ಸಹಜವಾಗಿಯೇ ಟೆಸ್ಟೋಸ್ಟೆರೋನ್ ಹೆಚ್ಚಿರುವ, 800 ಮೀಟರ್‌ನ ರಾಣಿ ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ 1500 ಕೂಡ ಓಡುತ್ತಿದ್ದರು ಎಂಬುದು ಕೇವಲ ಕಾಕತಾಳೀಯ ಎಂದು ನಂಬುವವರಿಗೆ ನನ್ನದೊಂದು ಸೈಟು ಮಾರುವುದಿದೆ.

ಆ ನಿಯಮ ಜಾರಿಯಾದ ಮೇಲೆ ಒಂದೇ ದೇಹಕ್ಕೆ ದೂರ ನೋಡಿಕೊಂಡು ಲಿಂಗ ಬಂತು. ದ್ಯುತಿ 100, 200 ಓಡಿದರೆ ಹೆಣ್ಣು, 400ಕ್ಕೆ ನಿಂತರೆ ಸಂಶಯ. ಸೆಮೆನ್ಯಾ 800ಕ್ಕೆ ಅನರ್ಹರು, 5000ಕ್ಕೆ ಅರ್ಹರು. 2022ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರು 5000 ಓಡಿಯೂ ಓಡಿದರು, ಫೈನಲ್ ತಲುಪಲಿಲ್ಲ, ಯಾರಿಗೂ ತಕರಾರು ಇರಲಿಲ್ಲ. ಸೋತವಳು ಹೆಣ್ಣೇ ಅಲ್ಲವೆ! 2019ರಲ್ಲಿ ಇದೇ ಕ್ರೀಡಾ ನ್ಯಾಯಾಲಯ ಸೆಮೆನ್ಯಾ ವಿರುದ್ಧ ತೀರ್ಪು ಕೊಡುವಾಗ ಈ ನಿಯಮ ತಾರತಮ್ಯದ್ದೇ ಹೌದು, ಆದರೆ ಅಗತ್ಯವಾದ ತಾರತಮ್ಯ ಎಂದಿತ್ತು. 2017ರ ಆ ಅಧ್ಯಯನ ಬರೆದವರು 2021ರಲ್ಲಿ ಒಂದು ತಿದ್ದುಪಡಿ ಪ್ರಕಟಿಸಿ, ಟೆಸ್ಟೋಸ್ಟೆರೋನ್ ಕಾರಣದಿಂದಲೇ ಲಾಭ ಆಗುತ್ತದೆ ಎಂದು ನಾವು ತೋರಿಸಿಕೊಟ್ಟಿರಲಿಲ್ಲ, ನಮ್ಮ ಮಾತು ದಾರಿ ತಪ್ಪಿಸುವಂತಿದ್ದಿರಬಹುದು ಎಂದು ಒಪ್ಪಿಕೊಂಡರು. ನಿಯಮ ಹಾಗೇ ಉಳಿಯಿತು. ಟೆಸ್ಟೋಸ್ಟೆರೋನ್ ಮಿತಿ ಮಾತ್ರ ಇಳಿಯುತ್ತಾ ಬಂತು: ಲೀಟರು ರಕ್ತಕ್ಕೆ 10 ನ್ಯಾನೋಮೋಲ್, ಆಮೇಲೆ 5, 2023ರಲ್ಲಿ 2.5, ಅದೂ ಎಲ್ಲ ಸ್ಪರ್ಧೆಗಳಿಗೆ.

ಇಷ್ಟು ಹೇಳಿದ್ದಕ್ಕೆ ಇನ್ನೊಂದು ಪಾಳೆಯದವರು ನನ್ನನ್ನು ಹೆಗಲ ಮೇಲೆ ಹೊತ್ತುಕೊಳ್ಳುವ ಮೊದಲು ಒಂದು ಮಾತು. 100 ಮೀಟರ್‌ನ ಪುರುಷರ ವಿಶ್ವ ದಾಖಲೆ 9.58 ಸೆಕೆಂಡು, ಮಹಿಳೆಯರದು 10.49. ಹುಡುಗ ಪ್ರಾಯಕ್ಕೆ ಬಂದಾಗ ಎಲುಬಿಗೂ ಸ್ನಾಯುವಿಗೂ ಏನೋ ಆಗುತ್ತದೆ, ಅದು ಸಮಾಜ ಹೇಳಿಕೊಟ್ಟದ್ದಲ್ಲ. ಹಾಗೆ ಬೆಳೆದ ದೇಹ ಮುಂದೆ ಮಹಿಳೆಯರ ಸ್ಪರ್ಧೆಗೆ ಬಂದರೆ ಪಕ್ಕದ ಲೇನಿನವಳು ಕೇಳುವ ಪ್ರಶ್ನೆ ದ್ವೇಷದ್ದಲ್ಲ, ನ್ಯಾಯದ್ದೇ. ಪ್ರಶ್ನೆ ಕೇಳಿದ ಕೂಡಲೇ ಅವಳ ಹಣೆಗೆ ಚೀಟಿ ಅಂಟಿಸಿ ಬಾಯಿ ಮುಚ್ಚಿಸುವ ಪುಣ್ಯಾತ್ಮರೂ ಈ ಜಾತ್ರೆಯಲ್ಲಿ ಅಂಗಡಿ ಇಟ್ಟಿದ್ದಾರೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2021ರಲ್ಲಿ ಏನು ಮಾಡಿತು? ಯಾರಿಗೂ ಲಾಭ ಇದೆ ಎಂದು ಮೊದಲೇ ಊಹಿಸಬಾರದು ಎಂದು ಚೆಂದದ ಮಾರ್ಗಸೂಚಿ ಬರೆದು, ಉಳಿದದ್ದನ್ನು ಆಯಾ ಕ್ರೀಡೆಯ ಒಕ್ಕೂಟಗಳೇ ನೋಡಿಕೊಳ್ಳಲಿ ಎಂದು ಕಡತವನ್ನು ಮುಂದಿನ ಮೇಜಿಗೆ ತಳ್ಳಿತು.

ಆ ಕಡತ 2024ರ ಪ್ಯಾರಿಸ್‌ನಲ್ಲಿ ಒಡೆಯಿತು. ಅಲ್ಜೀರಿಯಾದ ಬಾಕ್ಸರ್ ಇಮಾನ್ ಖಲೀಫ್ ಎದುರು ಇಟಲಿಯ ಏಂಜೆಲಾ ಕರೀನಿ 46 ಸೆಕೆಂಡಿಗೆ ಪಂದ್ಯ ಬಿಟ್ಟರು. ಸಂಜೆಯೊಳಗೆ, ಖಲೀಫ್ ಲಿಂಗ ಬದಲಿಸಿಕೊಂಡ ಗಂಡಸು ಎಂದು ಜಗತ್ತಿಗೇ ಗೊತ್ತಾಗಿತ್ತು. ಗೊತ್ತಿಲ್ಲದವರು ಹುಟ್ಟಿದಾಗಲೇ ಹೆಣ್ಣೆಂದು ಬರೆಸಿ ಹೆಣ್ಣಾಗಿಯೇ ಬೆಳೆಸಿದ ಅವರ ಮನೆಯವರು ಮಾತ್ರ. ನಮ್ಮ ಗುಡ್ ಮಾರ್ನಿಂಗ್ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಎಕ್ಸ್‌ವೈ ತಜ್ಞರು ರಾತ್ರೋರಾತ್ರಿ ಮೊಳೆತರು. ಹಿಂದಿನ ವರ್ಷ ನವದೆಹಲಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಖಲೀಫ್ ಅವರನ್ನೂ ತೈವಾನ್‌ನ ಲಿನ್ ಯು-ಟಿಂಗ್ ಅವರನ್ನೂ ಅನರ್ಹಗೊಳಿಸಿದ್ದ ಬಾಕ್ಸಿಂಗ್ ಸಂಸ್ಥೆ ಐಬಿಎ ಪ್ಯಾರಿಸ್‌ನಲ್ಲಿ ಪತ್ರಿಕಾಗೋಷ್ಠಿ ಕರೆಯಿತು. ಯಾವ ಪರೀಕ್ಷೆ ಎಂಬುದು ಗೋಪ್ಯ. ಟೆಸ್ಟೋಸ್ಟೆರೋನ್ ಪರೀಕ್ಷೆ ಅಲ್ಲ ಎಂದು ಸಂಸ್ಥೆಯ ಹೇಳಿಕೆ, ಟೆಸ್ಟೋಸ್ಟೆರೋನ್ ಜಾಸ್ತಿ ಎಂದು ಅಧ್ಯಕ್ಷರ ಮಾತು. ಒಲಿಂಪಿಕ್ ಸಮಿತಿಯ ಬಳಿ ಇದ್ದ ವಿಜ್ಞಾನವೋ, ಪಾಸ್‌ಪೋರ್ಟ್. ಅದರಲ್ಲಿ ಹೆಣ್ಣು ಎಂದಿದೆಯಲ್ಲ, ಮುಗಿಯಿತು.

ಅದೇ ದಿನಗಳಲ್ಲಿ ನಮ್ಮ ವಿನೇಶ್ ಫೋಗಟ್ ಅವರನ್ನು 100 ಗ್ರಾಂ ಹೆಚ್ಚು ತೂಗಿದ್ದಕ್ಕೆ ಫೈನಲ್‌ನಿಂದ ಹೊರಗಿಟ್ಟರು. ಅಲ್ಲಿ ತಕ್ಕಡಿಯಾದರೂ ಎಲ್ಲರಿಗೂ ಕಾಣುತ್ತಿತ್ತು. ಹೆಣ್ಣುಮಕ್ಕಳ ಸುರಕ್ಷತೆಗಾಗಿ ಆ ವಾರ ಕಂಬನಿ ಮಿಡಿದವರಲ್ಲಿ ಎಷ್ಟು ಜನ ಹಿಂದಿನ ವರ್ಷ, ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಇದೇ ವಿನೇಶ್ ಮತ್ತು ಸಂಗಡಿಗರು ಜಂತರ್ ಮಂತರ್‌ನಲ್ಲಿ ಮಲಗಿದ್ದಾಗ, ಪೊಲೀಸರು ಅವರನ್ನು ಎಳೆದೊಯ್ದಾಗ ತುಟಿ ಬಿಚ್ಚಿದ್ದರು ಎಂದು ಕೇಳಬೇಡಿ. ಅದು ರಾಜಕೀಯ, ಇದು ಕ್ರೀಡೆ.

2025ರ ಸೆಪ್ಟೆಂಬರ್‌ನಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಹೊಸ ಅಸ್ತ್ರ ಹಿಡಿದಿದೆ: ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ಎಸ್‌ಆರ್‌ವೈ ಜೀನ್, ಅಂದರೆ ಸಾಮಾನ್ಯವಾಗಿ ವೈ ಕ್ರೋಮೋಸೋಮ್‌ನಲ್ಲಿರುವ ಗಂಡುತನದ ಜೀನ್, ಇದೆಯೇ ನೋಡುವುದು. ಜೀವಮಾನದಲ್ಲಿ ಒಂದೇ ಸಲ ಸಾಕಂತೆ. ಹೊಸದು ಎನ್ನುವುದು ಬಾಯಿಮಾತಿಗೆ. 1996ರ ಅಟ್ಲಾಂಟಾದಲ್ಲೂ ಇದನ್ನೇ ಹುಡುಕಿದ್ದರು. 3,387 ಮಹಿಳೆಯರಲ್ಲಿ ಎಂಟು ಮಂದಿಗೆ ಸಿಕ್ಕಿತು, ಎಂಟೂ ಮಂದಿಯನ್ನು ಆಡಲು ಬಿಟ್ಟರು, ಇದರಿಂದ ಪ್ರಯೋಜನವಿಲ್ಲ ಎಂದು 1999ರಲ್ಲಿ ಪರೀಕ್ಷೆಯನ್ನೇ ಕೈಬಿಟ್ಟರು. 1990ರಲ್ಲಿ ಆ ಜೀನನ್ನು ಪತ್ತೆ ಹಚ್ಚಿದ ವಿಜ್ಞಾನಿ ಆಂಡ್ರ್ಯೂ ಸಿಂಕ್ಲೇರ್ ಇದನ್ನು ಹೀಗೆ ಬಳಸುವುದು ತಪ್ಪು ಎಂದು ಈಗಲೂ ಬರೆಯುತ್ತಿದ್ದಾರೆ. ಕಂಡುಹಿಡಿದವರಿಗೇನು ಗೊತ್ತು! ಬಾಕ್ಸಿಂಗ್‌ನ ಹೊಸ ಸಂಸ್ಥೆಯೂ ಈ ದಾರಿ ಹಿಡಿಯಿತು. ಫ್ರಾನ್ಸಿನ ಕಾನೂನು ಇಂಥ ಪರೀಕ್ಷೆಗೆ ಅವಕಾಶ ಕೊಡುವುದಿಲ್ಲವಾದ್ದರಿಂದ ಅಲ್ಲಿನ ಮಹಿಳಾ ಬಾಕ್ಸರ್‌ಗಳು ಹೊರಗಿನ ಪ್ರಯೋಗಾಲಯವನ್ನು ನೆಚ್ಚಿಕೊಂಡು ಲಿವರ್‌ಪೂಲ್‌ಗೆ ಹೋದರು. ಫಲಿತಾಂಶ ಗಡುವಿನೊಳಗೆ ಬರಲಿಲ್ಲ. ವಿಶ್ವ ಚಾಂಪಿಯನ್‌ಶಿಪ್‌ಗೆ ತಯಾರಾಗಿ ಬಂದಿದ್ದ ಇಡೀ ಮಹಿಳಾ ತಂಡ ಹೊರಗುಳಿಯಿತು.

ಅತಿ ಮುಂದಾಲೋಚನೆ ಇರುವುದು ಮಾತ್ರ ಚೆಸ್‌ನವರಿಗೆ. ಕುದುರೆ, ಆನೆ ಎತ್ತಿಡಲು ಎಷ್ಟು ಸ್ನಾಯು ಬೇಕೋ ತಿಳಿಯದು, ಆದರೂ 2023ರಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ, ತಾನು ಕೂಲಂಕಷವಾಗಿ ಯೋಚಿಸಿ ಮುಗಿಸುವವರೆಗೆ ಟ್ರಾನ್ಸ್ ಮಹಿಳೆಯರು ಮಹಿಳಾ ಪಂದ್ಯಾವಳಿಗಳಲ್ಲಿ ಆಡುವಂತಿಲ್ಲ ಎಂದಿತು. ಯೋಚನೆಗೆ ಬೇಕಾಗುವ ಕಾಲ, ಎರಡು ವರ್ಷದವರೆಗೆ. ಗಡಿಯಾರ ಒತ್ತಿ ಆಡಿಸುವವರಿಗೆ ಇದು ಸ್ವಲ್ಪ ಜಾಸ್ತಿಯೇ. ಹೆಣ್ಣು ಗಂಡಾದರೆ ಅವಳು ಗೆದ್ದಿದ್ದ ಮಹಿಳಾ ಬಿರುದುಗಳು ರದ್ದು, ಗಂಡು ಹೆಣ್ಣಾದರೆ ಅವನು ಗಳಿಸಿದ್ದೆಲ್ಲ ಭದ್ರ ಎಂದೂ ಸೇರಿಸಿತು. ಆದರೆ ಅದೇ ಆಟದಲ್ಲಿ ಒಬ್ಬ ಕಾಲಾಳು ಹೆಜ್ಜೆ ಹೆಜ್ಜೆ ನಡೆದು ಆಚೆಯ ಕೊನೆಯ ಮನೆ ಮುಟ್ಟಿದ ಕ್ಷಣ, ಕೆನ್ನೆ ಒರೆಸದೆ, ಪಾಸ್‌ಪೋರ್ಟ್ ತೋರಿಸದೆ, ಎಲ್ಲರೆದುರೇ ರಾಣಿಯಾಗುತ್ತಾನೆ. ಫಿಡೆಯ ಸಮಿತಿಯ ಕಣ್ಣಿಗೆ ಇದಿನ್ನೂ ಬಿದ್ದಂತಿಲ್ಲ.